ಉಜ್ಜಿದರೆ ಹೋಗದ ಕಪ್ಪು

ತಿಪಟೂರಿನಲ್ಲಿ ನಾನು 14 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಬೆಳಗಾದರೆ ಹೆಂಗಸರ ಕತ್ತು, ಬೆನ್ನು, ತೋಳು ಅಳೆಯುವುದೇ ಕೆಲಸ. ಹಿಂದಿನ ಕತ್ತು ಎಷ್ಟು ಇಳಿಸಲಿ ಎಂದು ಕೇಳುತ್ತಾ ಜಡೆ ಪಕ್ಕಕ್ಕೆ ಸರಿಸಿ ಟೇಪು ಇಡುತ್ತೇನಲ್ಲ, ಆಗ ಅವರೇ ಎಂದೂ ನೋಡಿಕೊಳ್ಳದ ಜಾಗ ನನ್ನ ಕಣ್ಣಿಗೆ ಬೀಳುತ್ತದೆ. ಕೆಲವರಿಗೆ ಅಲ್ಲಿ ಮಸಿ ಬಳಿದಂತೆ ಕಪ್ಪು ಪಟ್ಟೆ. "ಹಿಂದೆ ಜಾಸ್ತಿ ಡೀಪ್ ಬೇಡ ಅಕ್ಕ, ಮೇಲಕ್ಕೇ ಇಟ್ಬಿಡಿ" ಅನ್ನುತ್ತಾರೆ. ಯಾಕೆ ಅಂತ ನಾನು ಕೇಳುತ್ತಿರಲಿಲ್ಲ. ನನ್ನ ಬ್ಲೌಸುಗಳನ್ನೂ ಹಾಗೇ ಹೊಲಿದುಕೊಳ್ಳುತ್ತಿದ್ದೆ.

ನನ್ನ ಕತ್ತು ಕಪ್ಪಾಗತೊಡಗಿದ್ದು 2018ರ ಸುಮಾರಿಗೆ. ಮಗನಿಗೆ ಆಗ ನಾಲ್ಕು ವರ್ಷ. ಮೊದಲು ಎಲ್ಲರೂ ಹೇಳಿದ್ದು ಸರದ ಕರೆ ಅಂತ. ಮಾಂಗಲ್ಯದ ಸರ ತೊಳೆದೆ, ಕರಿಮಣಿ ಬದಲಾಯಿಸಿದೆ, ಕೆಲವು ದಿನ ಅರಿಶಿನದ ದಾರದಲ್ಲೇ ಇದ್ದೆ. ಕಪ್ಪು ಹೋಗಲಿಲ್ಲ. ಆಮೇಲೆ ಬಂದ ಮಾತು ನನ್ನನ್ನು ಚುಚ್ಚಿತು. ತಲೆಸ್ನಾನ ಮಾಡಿ ಕೂದಲು ಒಣಗಿಸುತ್ತಿದ್ದಾಗ ಅತ್ತೆ ಹಿಂದೆ ನಿಂತು, "ಸರಿಯಾಗಿ ಉಜ್ಜಿ ಸ್ನಾನ ಮಾಡಮ್ಮ, ಕೊಳೆ ಹೆಪ್ಪುಗಟ್ಟಿದೆ" ಅಂದರು. ಅವರು ಕೆಟ್ಟವರಲ್ಲ, ನೋಡಿದ್ದನ್ನು ಹೇಳಿದರು. ಆದರೆ ದಿನಾ ಎರಡು ಹೊತ್ತು ಸ್ನಾನ ಮಾಡುವವಳಿಗೆ ಕೊಳೆ ಅಂದರೆ ಹೇಗಾಗುತ್ತದೆ, ಹೇಳಿ.

ಉಜ್ಜಿದೆ. ತಿಪಟೂರಿನಲ್ಲಿ ತೆಂಗಿನ ನಾರಿಗೆ ಬರವೇ? ನಾರು ಉಂಡೆ ಮಾಡಿ ಸೀಗೆಪುಡಿ ಹಚ್ಚಿ ಉಜ್ಜಿದೆ. ಕಡಲೆಹಿಟ್ಟು, ಮೊಸರು, ನಿಂಬೆಹುಳಿ, ಅಡುಗೆ ಸೋಡ, ಯಾರು ಏನು ಹೇಳಿದರೋ ಅದೆಲ್ಲ ಮಾಡಿದೆ. ಸೋಡ ಮತ್ತು ನಿಂಬೆಹುಳಿ ಕಲಸಿ ಹಚ್ಚಿದ ರಾತ್ರಿ ಕತ್ತು ಧಗಧಗ ಉರಿದು ದಿಂಬಿಗೆ ತಲೆ ಇಡಲಾಗಲಿಲ್ಲ. ಮೇಲಿನ ಪದರ ಸುಲಿದು ಕೆಂಪಾಯಿತು, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಕಪ್ಪಾಯಿತು. ಗಾಯವಾದ ಚರ್ಮ ಮಾಯುವಾಗ ಇನ್ನಷ್ಟು ಬಣ್ಣ ತುಂಬಿಕೊಳ್ಳುತ್ತದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ನಾದಿನಿ ಮಗಳ ಮದುವೆ ಹತ್ತಿರ ಬಂದಾಗ ಪಾರ್ಲರಿನಲ್ಲಿ ಬ್ಲೀಚ್ ಮಾಡಿಸಿದೆ. ಎರಡು ವಾರ ತೆಳುವಾದಂತೆ ಕಂಡು ಮತ್ತೆ ಬಂತು. ಆಮೇಲೆ ಔಷಧಿ ಅಂಗಡಿಯಲ್ಲಿ ಕೇಳಿದೆ. ಚೀಟಿ ಗೀಟಿ ಏನೂ ಇಲ್ಲ, ಒಂದು ಟ್ಯೂಬು ಕೊಟ್ಟು "ಒಂದು ತಿಂಗಳು ಹಚ್ಚಿ, ನೋಡಿ" ಅಂದರು. ಅದರಲ್ಲಿ ಸ್ಟೀರಾಯ್ಡ್ ಇತ್ತೆಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಹಚ್ಚುವಷ್ಟು ದಿನ ಚರ್ಮ ನುಣ್ಣಗೆ, ತೆಳ್ಳಗೆ. ನಿಲ್ಲಿಸಿದ ವಾರಕ್ಕೆ ಸಣ್ಣ ಸಣ್ಣ ಗುಳ್ಳೆ, ಬಿಸಿಲಿಗೆ ಹೋದರೆ ಉರಿ. ಎರಡು ಸಲ ಹಾಗಾದ ಮೇಲೆ ಬಿಟ್ಟೆ. ಸೆರಗನ್ನು ಕತ್ತಿನ ಸುತ್ತ ಹೊದ್ದು ಓಡಾಡುವುದು ಅಭ್ಯಾಸವಾಯಿತು.

ಇಷ್ಟರಲ್ಲಿ ಕತ್ತಿನ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಮಾಂಸದ ಮೊಳಕೆಗಳು ಎದ್ದಿದ್ದವು, ಕಂಕುಳಲ್ಲೂ ಐದಾರು. ನಮ್ಮ ಕಡೆ ನರಹುಲಿ ಅಂತಲೇ ಕರೆಯುತ್ತಾರೆ, ಕೂದಲು ಕಟ್ಟಿದರೆ ಉದುರುತ್ತೆ ಅನ್ನುತ್ತಾರೆ. ನನ್ನ ಹತ್ತಿರ ದಾರಕ್ಕೇನು ಕೊರತೆ, ಹೊಲಿಗೆ ದಾರ ಕಟ್ಟಿದೆ. ಒಂದು ಉದುರಿತು, ಇನ್ನೊಂದು ಕೀವಾಯಿತು.

ಇದರ ಜೊತೆಗೇ ಬೇರೆ ಏನೇನೋ ನಡೆಯುತ್ತಿತ್ತು. ಒಂದಕ್ಕೊಂದು ಸಂಬಂಧವಿದೆ ಅಂತ ನನಗೆ ತೋಚಿರಲೇ ಇಲ್ಲ. ಮಧ್ಯಾಹ್ನ ಊಟವಾದ ಕೂಡಲೇ ತಡೆಯಲಾಗದ ನಿದ್ದೆ, ಮಿಷನ್ ಮೇಲೇ ತಲೆ ವಾಲುತ್ತಿತ್ತು. ಮುಟ್ಟು ಎರಡು ತಿಂಗಳಿಗೊಮ್ಮೆ. ನನ್ನ ಬ್ಲೌಸುಗಳೂ ಬಿಗಿಯಾಗುತ್ತಾ ಬಂದವು. ಬ್ಲೌಸ್ ಹೊಲಿಯುವಾಗ ಪಕ್ಕದಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕಿರುತ್ತೇವೆ, ಮೈ ಬಂದರೆ ಒಂದೊಂದೇ ಸಾಲು ಬಿಚ್ಚಿಕೊಳ್ಳಲಿ ಅಂತ. ನನ್ನವುಗಳಲ್ಲಿ ಒಂದು ಸಾಲು 2017ರಲ್ಲಿ ಬಿಚ್ಚಿದೆ, ಎರಡನೆಯದು ಅದರ ಮರುವರ್ಷ, ಕೊನೆಯದು ಕೊರೊನಾ ಕಾಲದಲ್ಲಿ. ಆಮೇಲೆ ಬಿಚ್ಚಲು ಏನೂ ಉಳಿಯಲಿಲ್ಲ.

2024ರ ಜನವರಿಯಲ್ಲಿ ಮಗಳ ತೊಡೆಗೆ ಹುಳುಕಡ್ಡಿ ಆಗಿತ್ತು. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಗಳನ್ನು ನೋಡಿ ಚೀಟಿ ಬರೆಯುತ್ತಿದ್ದರು. ನಾನು ಬ್ಯಾಗಿನಿಂದ ದುಡ್ಡು ತೆಗೆಯಲು ಬಗ್ಗಿದೆ, ಸೆರಗು ಜಾರಿತು.

"ಅಮ್ಮಾ, ನಿಮ್ಮ ಕತ್ತು ಸ್ವಲ್ಪ ನೋಡ್ಬಹುದಾ?"

ನಾಚಿಕೆಯಿಂದ ಮೈ ಹಿಡಿಯಾಯಿತು. "ಎಷ್ಟು ಉಜ್ಜಿದರೂ ಹೋಗಲ್ಲ ಡಾಕ್ಟ್ರೇ" ಅಂದೆ, ಅವರೇನೂ ಕೇಳುವ ಮೊದಲೇ.

"ಉಜ್ಜಬೇಡಿ. ಇದು ಕೊಳೆ ಅಲ್ಲ." ಬೆರಳಿನಿಂದ ಮೆಲ್ಲಗೆ ಸವರಿದರು. "ಬಟ್ಟೆ ಹೊಲೀತೀರಿ ಅಂದ್ರಲ್ಲ, ವೆಲ್ವೆಟ್ ಮುಟ್ಟಿದ ಹಾಗಿದೆ ಅಲ್ವಾ ಇದು?"

ಮನೆಗೆ ಬಂದು ನಾನೇ ಮುಟ್ಟಿ ನೋಡಿಕೊಂಡೆ. ವೆಲ್ವೆಟ್ ಬಟ್ಟೆಗೆ ಒಂದು ದಿಕ್ಕು ಇರುತ್ತದೆ. ಮೇಲಿಂದ ಕೆಳಕ್ಕೆ ಸವರಿದರೆ ನುಣುಪು, ಕೆಳಗಿಂದ ಮೇಲಕ್ಕೆ ಸವರಿದರೆ ಬೆರಳಿಗೆ ತಡೆ, ಬಣ್ಣವೂ ಗಾಢ. ನನ್ನ ಕತ್ತು ಸಾಕ್ಷಾತ್ ಹಾಗೇ ಇತ್ತು. ಐದಾರು ವರ್ಷ ಅದನ್ನು ಉಜ್ಜಿದ್ದೆನೇ ಹೊರತು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ.

ಅವರು ಕೇಳಿದ ಪ್ರಶ್ನೆಗಳು ಚರ್ಮದ್ದೇ ಅಲ್ಲ. ಮುಟ್ಟು ಸರಿಯಾಗಿ ಆಗುತ್ತಾ? ಮನೆಯಲ್ಲಿ ಶುಗರ್ ಯಾರಿಗಿದೆ? ಬಸುರಿನಲ್ಲಿ ಸಕ್ಕರೆ ಬಂದಿತ್ತಾ? ಅಪ್ಪನಿಗೆ ಶುಗರ್ ಇತ್ತು, ಕಾಲಿನ ಎರಡು ಬೆರಳು ತೆಗೆದಿದ್ದರು. ಮಗ ಹೊಟ್ಟೆಯಲ್ಲಿದ್ದಾಗ ಆರನೇ ತಿಂಗಳಲ್ಲಿ ಗ್ಲೂಕೋಸ್ ಕುಡಿಸಿ ರಕ್ತ ನೋಡಿ "ಸ್ವಲ್ಪ ಜಾಸ್ತಿ ಇದೆ, ಹೆರಿಗೆ ಆದ್ಮೇಲೆ ಸರಿಹೋಗುತ್ತೆ" ಅಂದಿದ್ದರು. ಹೆರಿಗೆಯಾದ ಮೇಲೆ ನಾನೂ ಮರೆತೆ, ಯಾರೂ ನೆನಪಿಸಲೂ ಇಲ್ಲ. ಹಾಗೆ ಬಂದವರು ಹೆರಿಗೆಯಾಗಿ 6ರಿಂದ 12 ವಾರದೊಳಗೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಆಮೇಲೂ ವರ್ಷಕ್ಕೋ ಎರಡು ಮೂರು ವರ್ಷಕ್ಕೋ ನೋಡಿಸುತ್ತಲೇ ಇರಬೇಕಂತೆ. ಆ ಒಂದು ಮಾತನ್ನು ಅವತ್ತೇ ಯಾರಾದರೂ ಹೇಳಿದ್ದರೆ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ನನಗೆ ಅರ್ಥವಾಗುವ ಹಾಗೆ ಅವರು ಹೇಳಿದ್ದು ಹೀಗೆ. ಊಟ ಮಾಡಿದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದನ್ನು ಒಳಗೆ ತೆಗೆದುಕೊಳ್ಳಿ ಎಂದು ಇನ್ಸುಲಿನ್ ಜೀವಕೋಶಗಳನ್ನು ಕರೆಯುತ್ತದೆ. ಕೆಲವರ ಮೈಯಲ್ಲಿ ಜೀವಕೋಶಗಳು ಓಗೊಡುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. "ಮನೆಯೊಳಗಿರೋರಿಗೆ ಕೇಳಿಸ್ಲಿಲ್ಲ ಅಂತ ಜೋರಾಗಿ ಕೂಗಿದ್ರೆ ಪಕ್ಕದ ಮನೆಯೋರು ಎದ್ದು ಬರ್ತಾರಲ್ಲ, ಹಾಗೆ." ಪಕ್ಕದ ಮನೆ ಅಂದರೆ ಚರ್ಮ. ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಯಲು ಹುರಿದುಂಬಿಸುತ್ತದೆ. ಕತ್ತು, ಕಂಕುಳು, ತೊಡೆಸಂದಿ ಇಂಥ ಮಡಿಕೆಗಳಲ್ಲಿ ಚರ್ಮ ದಪ್ಪವಾಗಿ ಸಣ್ಣ ಸಣ್ಣ ನೆರಿಗೆ ಕಟ್ಟುತ್ತದೆ. ಕಪ್ಪಾಗಿ ಕಾಣುವುದು ಬಹುಪಾಲು ಆ ದಪ್ಪದಿಂದ. ಮಾಂಸದ ಮೊಳಕೆಗಳೂ ಇದೇ ಬಳಗದವು. ಇದಕ್ಕೆ ಅಕ್ಯಾಂಥೋಸಿಸ್ ನೈಗ್ರಿಕಾನ್ಸ್ ಅಂತ ಹೆಸರು. ಹೆಸರು ನೆನಪಿಡಬೇಕಿಲ್ಲ, ಕೊಳೆ ಅಲ್ಲ ಅನ್ನುವುದನ್ನು ನೆನಪಿಡಿ ಅಂದರು.

ಕ್ರೀಮು ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಬರೆದದ್ದು ರಕ್ತ ಪರೀಕ್ಷೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 114. ನೂರರೊಳಗಿರಬೇಕು, 126 ಮುಟ್ಟಿದರೆ ಸಕ್ಕರೆ ಕಾಯಿಲೆ, ನಾನು ನಡುವೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಅದರಲ್ಲೂ 5.7ರಿಂದ 6.4ರವರೆಗೆ ನಡುವಿನ ಜಾಗ. ಥೈರಾಯ್ಡ್ ಸರಿಯಿತ್ತು. ರಕ್ತದಲ್ಲಿನ ಕೊಬ್ಬು ತೋರಿಸುವ ಟ್ರೈಗ್ಲಿಸರೈಡ್ 232, ಹಿಮೋಗ್ಲೋಬಿನ್ 10.4. ರಕ್ತ ಕಮ್ಮಿ ಇದ್ದವರಲ್ಲಿ ಎಚ್‌ಬಿಎ1ಸಿ ಸ್ವಲ್ಪ ಏರುಪೇರಾಗಿ ತೋರಿಸಬಹುದೆಂದು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮತ್ತೆ ನೋಡಿದರು: 168. ಅದೂ ನಡುವಿನ ಜಾಗವೇ, ಅನುಮಾನ ಉಳಿಯಲಿಲ್ಲ. ಆಗ ನನ್ನ ತೂಕ 68 ಕೆ.ಜಿ., ಎತ್ತರ ಐದಡಿ. ಸೊಂಟದ ಸುತ್ತಳತೆ ಕೇಳಿದರು. ದಿನಾ ನೂರು ಅಳತೆ ತೆಗೆಯುವವಳು ನನ್ನ ಸೊಂಟಕ್ಕೆ ಟೇಪು ಸುತ್ತಿ ವರ್ಷಗಳಾಗಿದ್ದವು. 38 ಇಂಚು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದಂತೆ, ಅಂದರೆ ನನ್ನ ಟೇಪಿನಲ್ಲಿ ಮೂವತ್ತೊಂದೂವರೆ.

ಹೆದರಿಕೆಯಾಯಿತು. ಅಪ್ಪನ ಕಾಲು ಕಣ್ಣ ಮುಂದೆ ಬಂತು. ಡಾಕ್ಟರು ಹೆದರಿಸಲಿಲ್ಲ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ನನ್ನ ಹಾಗೆ ಹೊಸ್ತಿಲಲ್ಲಿದ್ದಾರೆ, ಹೊಸ್ತಿಲಿಂದ ಹಿಂದೆ ಬರೋದಕ್ಕಾಗುತ್ತೆ ಅಂದರು. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಮಾತು ಹೇಳಿದರು: ಮೈತೂಕದ ನೂರಕ್ಕೆ ಏಳು ಭಾಗ ಇಳಿಸುವುದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು, ಇಷ್ಟನ್ನೇ ಗುರಿಯಿಟ್ಟು ನಡೆದವರಲ್ಲಿ ಕಾಯಿಲೆಗೆ ತಿರುಗುವುದು ಶೇಕಡ 58ರಷ್ಟು ಕಡಿಮೆಯಾಯಿತಂತೆ. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಕಡಿಮೆಯಾದದ್ದು ಶೇಕಡ 31. ನನ್ನ ಪಾಲಿಗೆ ಏಳು ಭಾಗ ಅಂದರೆ ಸುಮಾರು ಐದು ಕೆ.ಜಿ. ಮೂರು ತಿಂಗಳು ಮಾತ್ರೆಯಿಲ್ಲದೆ ಪ್ರಯತ್ನಿಸಿ, ಆಗದಿದ್ದರೆ ಮಾತ್ರೆ ಶುರುಮಾಡೋಣ, ಅದರಲ್ಲಿ ಸೋಲು ಗೆಲುವು ಇಲ್ಲ ಅಂದರು. ಕಬ್ಬಿಣದ ಮಾತ್ರೆ ಮಾತ್ರ ಕೊಟ್ಟರು.

ಅಷ್ಟಾದರೂ ನನ್ನ ಮನಸ್ಸು ಕತ್ತಿನ ಮೇಲೇ ಇತ್ತು. ಒಂದು ಲೇಪ ಸಿಕ್ಕರೆ ಸಾಕು ಅಂತ ನಮ್ಮೂರಿನ ಒಬ್ಬ ಹಿರಿಯ ಆಯುರ್ವೇದ ವೈದ್ಯರ ಹತ್ತಿರ ಹೋದೆ. ರಿಪೋರ್ಟುಗಳನ್ನೆಲ್ಲ ಕನ್ನಡಕ ಏರಿಸಿ ಓದಿದರು. ಕತ್ತು ನೋಡಿದರು. ಆಮೇಲೆ ಹೇಳಿದರು: "ಲೇಪ ಕೊಟ್ಟು ನಿನ್ನ ದುಡ್ಡು ತಗೊಳ್ಳೋದು ಸುಲಭ ತಾಯಿ. ಕಾರಣ ಬಿಡದೆ ಕಾಯಿಲೆ ಬಿಡಲ್ಲ." ಅದಕ್ಕೆ ಶಾಸ್ತ್ರದಲ್ಲಿ ನಿದಾನ ಪರಿವರ್ಜನ ಅನ್ನುತ್ತಾರಂತೆ. ಚರಕ ಸಂಹಿತೆಯಲ್ಲಿ ಪ್ರಮೇಹಕ್ಕೆ, ಅಂದರೆ ಸಕ್ಕರೆ ಕಾಯಿಲೆಯೂ ಸೇರುವ ರೋಗಗಳ ಗುಂಪಿಗೆ, ಕಾರಣ ಹೇಳುವ ಶ್ಲೋಕ ಒಂದಿದೆ, ಅದನ್ನು ಬಾಯಲ್ಲೇ ಹೇಳಿ ಅರ್ಥ ಬಿಡಿಸಿದರು. ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ತಿನಿಸು ಎಲ್ಲ ಅದರಲ್ಲಿ ಬರುತ್ತವೆ. ಆದರೆ ಶ್ಲೋಕ ಶುರುವಾಗುವುದು ತಿನ್ನುವುದರಿಂದಲ್ಲ. ಮೊದಲನೆಯದು ಕೂತೇ ಇರುವ ಸುಖ, ಎರಡನೆಯದು ಮಲಗಿರುವ ಸುಖ.

ಕೂತೇ ಇರುವ ಸುಖ! ದಿನಕ್ಕೆ ಒಂಬತ್ತು ಹತ್ತು ಗಂಟೆ ಕೂರುವುದು ನನ್ನ ಹೊಟ್ಟೆಪಾಡು, ಅದು ಸುಖ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಆದರೆ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿ ತಿರುಗಿತು, ಮನೆಗೆ ಬಂದು ಮಿಷನ್ ಮುಂದೆ ನಿಂತಾಗ ಹೊಳೆಯಿತು. ನಾನು ಕಲಿತದ್ದು ಕಾಲಲ್ಲಿ ತುಳಿಯುವ ಮಿಷನ್ನಿನಲ್ಲಿ. 2016ರಲ್ಲಿ ಕೆಲಸ ಬೇಗ ಆಗಲಿ ಅಂತ ಅದಕ್ಕೆ ಮೋಟರ್ ಹಾಕಿಸಿದೆ. ಅಲ್ಲಿಂದ ಈಚೆಗೆ ಬಲಗಾಲಿನ ಹೆಬ್ಬೆರಳು ಒತ್ತುವುದೊಂದು ಬಿಟ್ಟರೆ ನನ್ನ ಕಾಲಿಗೆ ಕೆಲಸವೇ ಇಲ್ಲ. ಮೋಟರ್ ಬಂದ ಮರುವರ್ಷ ಬ್ಲೌಸಿನ ಮೊದಲ ಸಾಲು ಬಿಚ್ಚಿದ್ದೆ. ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಅಪ್ಪನಿಂದ ಬಂದದ್ದಿದೆ, ಬಸುರಿನಲ್ಲಿ ಬಂದದ್ದಿದೆ. ಆದರೆ ಅವತ್ತೇ ಸಂಜೆ ಮೋಟರಿನ ಬೆಲ್ಟ್ ಬಿಚ್ಚಿ ಹಳೇ ಚರ್ಮದ ಬೆಲ್ಟ್ ಏರಿಸಿದೆ. ನೇರ ಹೊಲಿಗೆ, ಲೈನಿಂಗ್ ಕೂಡಿಸುವುದು, ಸೀರೆಗೆ ಫಾಲ್ ಹಾಕುವುದು ಇವಕ್ಕೆಲ್ಲ ತುಳಿಯುವುದು. ಅರ್ಜೆಂಟ್ ಇದ್ದರೆ ಮಾತ್ರ ಮೋಟರ್. ಮೊದಲ ವಾರ ಮೀನಖಂಡ ಹಿಡಿದುಕೊಂಡು ರಾತ್ರಿ ಎಣ್ಣೆ ತಿಕ್ಕಿಕೊಂಡೆ.

ಇನ್ನೊಂದು ನಿಯಮ ಮಾಡಿಕೊಂಡೆ. ಬಾಬಿನ್ ದಾರ ಮುಗಿದಾಗಲೆಲ್ಲ ಏಳಬೇಕು. ಮೊದಲು ಒಂದೇ ಸಲ ಎಂಟು ಬಾಬಿನ್ ಸುತ್ತಿಟ್ಟುಕೊಂಡು ಕೂತಲ್ಲೇ ಬದಲಾಯಿಸುತ್ತಿದ್ದೆ. ಈಗ ಒಂದೇ ಸುತ್ತುತ್ತೇನೆ, ಮುಗಿದರೆ ಎದ್ದು ಗೇಟಿನ ತನಕ ಎರಡು ಸಲ ಹೋಗಿ ಬರುತ್ತೇನೆ, ಆಮೇಲೆ ಇನ್ನೊಂದು. ಮೊಬೈಲಿನಲ್ಲಿ ಅಲಾರಂ ಇಟ್ಟರೆ ಆರಿಸಿ ಕೂರುತ್ತಿದ್ದೆ. ದಾರ ಮುಗಿದರೆ ಆರಿಸಲಾಗದು.

ಊಟದ ವಿಷಯದಲ್ಲಿ ನನಗೊಂದು ತಪ್ಪು ತಿಳಿವಳಿಕೆಯಿತ್ತು. ನಾವು ರಾಗಿ ತಿನ್ನುವವರು, ನಮಗೆ ಶುಗರ್ ಎಲ್ಲಿಂದ ಬರುತ್ತೆ ಅಂತ. ರಾಗಿ ಒಳ್ಳೆಯದೇ, ಆದರೆ ಅದೂ ಹಿಟ್ಟು. ನುಣ್ಣಗೆ ಜರಡಿ ಹಿಡಿದ ಹಿಟ್ಟಿನ ಎರಡು ದೊಡ್ಡ ಮುದ್ದೆ, ಮೇಲೆ ಒಂದು ತಟ್ಟೆ ಅನ್ನ, ಅದೂ ರಾತ್ರಿ ಹತ್ತು ಗಂಟೆಗೆ ಉಂಡು ಮಲಗಿದರೆ ಯಾವ ರಾಗಿಯೂ ಕಾಪಾಡುವುದಿಲ್ಲ. ಈಗ ಹಿಟ್ಟನ್ನು ಜರಡಿ ಹಿಡಿಯುವುದಿಲ್ಲ, ನನ್ನ ಮುಷ್ಟಿಯಷ್ಟು ಒಂದೇ ಮುದ್ದೆ. ಮೊದಲು ಪಲ್ಯ, ಕೋಸಂಬರಿ, ಸಾರಿನೊಳಗಿನ ಕಾಳು ತಿಂದು ಆಮೇಲೆ ಮುದ್ದೆ, ಕೊನೆಗೆ ಒಂದು ಸೌಟು ಅನ್ನ. ಹುರುಳಿಕಾಳಿನ ಬಸ್ಸಾರು, ಉಪ್ಪೆಸರು, ಅವರೆ ಕಾಲದಲ್ಲಿ ಅವರೆಕಾಳು, ವಾರಕ್ಕೆ ನಾಲ್ಕು ದಿನ ಮೊಟ್ಟೆ. ಹೊಸದೇನೂ ಕೊಳ್ಳಲಿಲ್ಲ, ಪ್ರಮಾಣ ತಲೆಕೆಳಗು ಮಾಡಿದೆ ಅಷ್ಟೆ. ಮೊಸರು ಬಿಡಲಿಲ್ಲ. ವೈದ್ಯರನ್ನೇ ಕೇಳಿದೆ, ಹಗಲು ಮಜ್ಜಿಗೆ ಮಾಡಿ ಕುಡಿ ಅಂದರು. ಚರ್ಮದ ಡಾಕ್ಟರೂ ಬೇಡವೆನ್ನಲಿಲ್ಲ.

ಬಹಳ ಕಷ್ಟವಾದದ್ದು ಟೀ. ಗಿರಾಕಿ ಬಂದರೆ ಟೀ, ಅವರ ಜೊತೆ ನನಗೂ. ಒಂದು ದಿನ ಎಣಿಸಿದೆ: ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಹನ್ನೆರಡು ಚಮಚ ಅಂದರೆ ಸುಮಾರು 50 ಗ್ರಾಂ. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಂಜೆ ಬೇಕರಿಯ ಬನ್ನು ಬೇರೆ. ಅಷ್ಟೇ ಅಲ್ಲ, ಊಟದ ಜೊತೆಗೆ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಿಮೋಗ್ಲೋಬಿನ್ ಇಳಿದದ್ದಕ್ಕೂ ಆರು ಲೋಟ ಟೀಗೂ ನಂಟಿದ್ದಿರಬೇಕು. ಎರಡು ಲೋಟಕ್ಕೆ ಇಳಿಸಿದೆ, ಸಕ್ಕರೆ ಅರ್ಧ ಚಮಚ. ಹತ್ತು ದಿನ ತಲೆನೋವು, ಎಲ್ಲರ ಮೇಲೂ ಸಿಡುಕು.

ರಾತ್ರಿ ಊಟ ಎಂಟರೊಳಗೆ ಮುಗಿಸಿ ಯಜಮಾನರನ್ನೂ ಎಳೆದುಕೊಂಡು ಇಪ್ಪತ್ತು ನಿಮಿಷ ನಡೆಯುವುದು ಶುರುವಾಯಿತು. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ ಕೂಗಿಗೆ ಕಾಯದೆ ತಾವೇ ಸಕ್ಕರೆ ಎಳೆದುಕೊಳ್ಳುತ್ತವಂತೆ. ಇದನ್ನು ಕೇಳಿದಾಗ ನನಗಾದ ಸಮಾಧಾನ ಹೇಳಲಾರೆ. ಕರೆದರೆ ಓಗೊಡದ ಮೈಗೂ ಒಂದು ಹಿತ್ತಿಲ ಬಾಗಿಲಿದೆ ಅನ್ನಿಸಿತು.

ಮೂರು ತಿಂಗಳಿಗೆ ಮೂರು ಕೆ.ಜಿ. ಇಳಿದೆ. ಎಚ್‌ಬಿಎ1ಸಿ 5.9. ಕತ್ತು? ಹಾಗೇ ಇತ್ತು. ಮಗಳು ಪ್ರತಿ ತಿಂಗಳ ಒಂದನೇ ತಾರೀಕು ಕಿಟಕಿ ಬೆಳಕಿನಲ್ಲಿ ನನ್ನ ಕತ್ತಿನ ಫೋಟೊ ತೆಗೆಯುತ್ತಿದ್ದಳು. ಮೂರೂ ಫೋಟೊ ಪಕ್ಕ ಪಕ್ಕ ಇಟ್ಟು ನೋಡಿ ಅತ್ತುಬಿಟ್ಟೆ. ಡಾಕ್ಟರಿಗೆ ತೋರಿಸಿದರೆ, "ಒಳಗೆ ಮೊದಲು, ಹೊರಗೆ ಕೊನೆಗೆ. ದಪ್ಪವಾಗೋದಕ್ಕೆ ವರ್ಷಗಟ್ಟಲೆ ಆಗಿದೆ, ತೆಳುವಾಗೋದಕ್ಕೆ ತಿಂಗಳುಗಟ್ಟಲೆ ಬೇಕು" ಅಂದರು. ತೆಂಗಿನೆಣ್ಣೆಯೋ ಸಾದಾ ಮಾಯಿಶ್ಚರೈಸರೋ ಹಚ್ಚಿ, ಉಜ್ಜಬೇಡಿ, ಅಷ್ಟೇ.

ಗೌರಿ ಹಬ್ಬದಿಂದ ದೀಪಾವಳಿಯವರೆಗೆ ನಮಗೆ ಸುಗ್ಗಿ. ಆ ಎರಡು ತಿಂಗಳು ಎಲ್ಲವೂ ಕೆಟ್ಟಿತು. ರಾತ್ರಿ ಒಂದು ಗಂಟೆಯವರೆಗೆ ಹೊಲಿಗೆ, ನಾಲ್ಕೈದು ಗಂಟೆ ನಿದ್ದೆ, ಮೋಟರ್ ಮತ್ತೆ ಏರಿತು, ಟೀ ಮತ್ತೆ ಐದಾಯಿತು. ನವೆಂಬರಿನಲ್ಲಿ ನೋಡಿಸಿದರೆ ಖಾಲಿ ಹೊಟ್ಟೆಯ ಸಕ್ಕರೆ 118, ಶುರುವಿಗಿಂತ ಜಾಸ್ತಿ. ನಿದ್ದೆಗೆಟ್ಟರೆ ಮೈ ಇನ್ಸುಲಿನ್ ಮಾತು ಇನ್ನೂ ಕೇಳುವುದಿಲ್ಲ ಅನ್ನುವುದು ಅವತ್ತು ನನಗೆ ಅಂಕಿಯಲ್ಲಿ ಕಂಡಿತು. ಡಾಕ್ಟರು ಬೈಯಲಿಲ್ಲ. "ಏನು ಕೆಟ್ಟಿತು ಅಂತ ನಿಮಗೇ ಗೊತ್ತಲ್ಲ" ಅಂದರು. ಅವತ್ತಿನಿಂದ ರಾತ್ರಿ ಎಂಟೂವರೆ ಮೇಲೆ ಹೊಲಿಯುವುದಿಲ್ಲ. ಮದುವೆ ಸೀಸನ್ನಿನಲ್ಲಿ ತಿಂಗಳಿಗೆ ಮೂರು ನಾಲ್ಕು ಸಾವಿರ ರೂಪಾಯಿಯ ಆರ್ಡರು ಬಿಟ್ಟುಕೊಡುತ್ತೇನೆ. ಬೇಜಾರಿದೆ. ಅಪ್ಪನ ಬ್ಯಾಂಡೇಜಿನ ಖರ್ಚು ನೆನೆಸಿಕೊಳ್ಳುತ್ತೇನೆ.

ಮೊದಲ ಬದಲಾವಣೆ ಕಣ್ಣಿಗೆ ಕಾಣಲಿಲ್ಲ, ಕೈಗೆ ಸಿಕ್ಕಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕೂದಲು ಎತ್ತಿ ಕಟ್ಟುವಾಗ ಬೆರಳು ಕೆಳಗಿಂದ ಮೇಲಕ್ಕೆ ಹೋಯಿತು, ತಡೆಯಲಿಲ್ಲ. ವೆಲ್ವೆಟ್ ಹೋಗಿ ಮಾಮೂಲಿ ಕಾಟನ್ ಆಗಿತ್ತು. ಬಣ್ಣ ಆಮೇಲೆ ನಿಧಾನಕ್ಕೆ ತಿಳಿಯಾಯಿತು. ಈಗ ನನ್ನ ತೂಕ 61, ಸೊಂಟ 34 ಇಂಚು, ಎಚ್‌ಬಿಎ1ಸಿ 5.6, ಹಿಮೋಗ್ಲೋಬಿನ್ 12 ದಾಟಿದೆ, ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿದೆ. ಕತ್ತಿನ ಪಕ್ಕದಲ್ಲಿ ಎರಡು ಕಪ್ಪು ಗೆರೆ ಉಳಿದಿವೆ. ಮೊಳಕೆಗಳು ತಾವಾಗಿ ಉದುರುವುದಿಲ್ಲ, ಬೇಕೆಂದರೆ ಡಾಕ್ಟರು ತೆಗೆಯುತ್ತಾರೆ, ನನಗೆ ಬೇಕೆನಿಸಲಿಲ್ಲ.

ನನ್ನ ಮೈಬಣ್ಣ ಕಪ್ಪೇ. ಹುಟ್ಟಿದ್ದೇ ಹಾಗೆ, ಅದು ರೋಗವಲ್ಲ, ಅದನ್ನು ಬಿಳಿ ಮಾಡಿಕೊಳ್ಳಬೇಕಾಗಿಯೂ ಇಲ್ಲ. ನಾನು ಹೇಳುತ್ತಿರುವುದು ಮೈಯ ಉಳಿದ ಭಾಗಕ್ಕಿಂತ ಬೇರೆಯಾಗಿ, ದಪ್ಪವಾಗಿ, ಮಡಿಕೆಗಳಲ್ಲಿ ಬರುವ ಕಪ್ಪಿನ ವಿಷಯ. ಅಂಥ ಕಪ್ಪೆಲ್ಲ ಸಕ್ಕರೆಯದೇ ಅಂತಲೂ ಅಲ್ಲ. ಬಟ್ಟೆ ಉಜ್ಜಿ, ಸರದ ಲೋಹ ಒಗ್ಗದೆ, ಕೆಲವು ಮಾತ್ರೆಗಳಿಂದ, ಕೆಲವರಿಗೆ ವಂಶದಿಂದಲೂ ಚರ್ಮದ ಬಣ್ಣ ಬದಲಾಗುತ್ತದೆ. ವಯಸ್ಸಾದ, ತೆಳ್ಳಗಿನವರಿಗೆ ಇದ್ದಕ್ಕಿದ್ದಂತೆ ಅಂಗೈ ತುಟಿಯವರೆಗೂ ಹರಡಿದರೆ ಹೊಟ್ಟೆಯೊಳಗಿನ ಗಡ್ಡೆಯ ಸೂಚನೆಯೂ ಇರಬಹುದೆಂದು, ಅಪರೂಪವಾದರೂ ತಡಮಾಡಬಾರದೆಂದು ಡಾಕ್ಟರು ಹೇಳಿದ್ದರು. ಇನ್ನು ಶುಗರ್ 300 ಇದ್ದೂ ಕತ್ತು ಸ್ವಚ್ಛವಾಗಿರುವವರು ಬೇಕಾದಷ್ಟು ಜನ. ಚರ್ಮ ನೋಡಿ ಶಾಸ್ತ್ರ ಹೇಳುವುದಲ್ಲ, ಚರ್ಮ ನೋಡಿ ರಕ್ತ ಪರೀಕ್ಷೆಗೆ ಹೋಗುವುದು. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿ.ಪಿ., ಶುಗರ್ ದುಡ್ಡಿಲ್ಲದೆ ನೋಡುತ್ತಾರೆ.

ಈಗ ನಾನು ಟೇಪು ಹಿಡಿದಾಗ ಸುಮ್ಮನಿರುವುದಿಲ್ಲ. ಎಲ್ಲರಿಗೂ ಹೇಳುವುದಿಲ್ಲ, ಅಂಗಡಿಯಲ್ಲಿ ನಾಲ್ಕು ಜನ ಇದ್ದರೆ ಖಂಡಿತ ಹೇಳುವುದಿಲ್ಲ. ಒಬ್ಬರೇ ಇದ್ದಾಗ ಮೊದಲು ನನ್ನ ಕತ್ತು ತೋರಿಸಿ, ಫೋನಿನಲ್ಲಿ ಹಳೇ ಫೋಟೊ ತೋರಿಸಿ, ಆಮೇಲೆ ಕೇಳುತ್ತೇನೆ. ಒಬ್ಬರು ಸಿಟ್ಟಾಗಿ ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಇನ್ನೊಬ್ಬರು ವಾರ ಬಿಟ್ಟು ಬಂದು 180 ಇತ್ತು ಅಂತ ಕೈ ಹಿಡಿದುಕೊಂಡರು.

ಕಳೆದ ತಿಂಗಳು ಒಬ್ಬ ತಾಯಿ ಎಂಟನೇ ಕ್ಲಾಸಿನ ಮಗಳನ್ನು ಲಂಗ ಬ್ಲೌಸ್ ಅಳತೆಗೆ ಕರೆದುಕೊಂಡು ಬಂದರು. ಹುಡುಗಿ ಮನೆ ಬಟ್ಟೆಯಲ್ಲೂ ಕಾಲರಿನ ಕೊನೇ ಗುಂಡಿ ಹಾಕಿಕೊಂಡಿದ್ದಳು. ಜಡೆ ಎತ್ತಿದೆ. ಕತ್ತಿನ ಹಿಂದೆ ನನ್ನದೇ ಹಳೇ ಪಟ್ಟೆ, ಅದರ ಮೇಲೆ ಉಗುರಿನಿಂದ ಕೆರೆದ ಗೀರುಗಳು. "ಎಷ್ಟು ಹೇಳಿದ್ರೂ ಉಜ್ಜಿಕೊಳ್ಳಲ್ಲ ನೋಡಿ ಅಕ್ಕ" ಅಂದರು ತಾಯಿ. ಹುಡುಗಿ ನೆಲ ನೋಡುತ್ತಿದ್ದಳು.

"ಉಜ್ಜಬೇಡ ಮರಿ, ಇದು ಕೊಳೆ ಅಲ್ಲ" ಅಂದೆ. ತಲೆ ಎತ್ತಿ ನನ್ನನ್ನೇ ನೋಡಿದಳು. ತಾಯಿಯನ್ನು ಒಳಗೆ ಕರೆದು ಫೋಟೊ ತೋರಿಸಿದೆ. ಮಕ್ಕಳ ಡಾಕ್ಟರಿಗೆ ತೋರಿಸಿ, ದಪ್ಪ ಅಂತ ಮಾತ್ರ ಅನ್ನಬೇಡಿ, ಊಟ ಕಟ್ಟಬೇಡಿ, ಮನೆಮಂದಿಯೆಲ್ಲ ಒಟ್ಟಿಗೆ ಬದಲಾಯಿಸಿ, ಸಂಜೆ ಆಡಲು ಬಿಡಿ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಸೆರಗು ಸರಿಸಿ ತಮ್ಮ ಕತ್ತನ್ನೂ ಮುಟ್ಟಿ ನೋಡಿಕೊಂಡರು.

ನಾವು ಹೊರಗೆ ಬಂದಾಗ ಹುಡುಗಿ ಗೋಡೆಗೆ ಅಂಟಿಸಿದ ಡಿಸೈನುಗಳನ್ನು ನೋಡುತ್ತಿದ್ದಳು. ಕಾಲರಿನ ಗುಂಡಿ ಬಿಚ್ಚಿದ್ದಳು.

"ಆಂಟಿ, ಹಿಂದೆ ದಾರ ಕಟ್ಟಿ ಗೊಂಡೆ ಬಿಡೋದು ಇದೆಯಲ್ಲ, ಅದು ಹೊಲೀತೀರಾ?"

ತಾಯಿಯ ಮುಖ ನೋಡಿದೆ. ಅವರು ತಲೆಯಾಡಿಸಿದರು. ಬೆನ್ನಿನ ಮೇಲೆ ಟೇಪು ಇಳಿಬಿಟ್ಟು, ಹಿಂದಿನ ಕತ್ತು ಆರು ಇಂಚು ಅಂತ ಪುಸ್ತಕದಲ್ಲಿ ಬರೆದುಕೊಂಡೆ.